ಡಿಸೆಂಬರ್ ಮೊದಲ ವಾರ ಕೇದಾರಕಂಠ: ಹಿಮ ಕಂಡೇ ಇಲ್ಲದ ನಮಗೆ ಆಗುತ್ತದಾ?

ಬೆಟ್ಟದಂಚು, ಶಿರಸಿ

ನಾವು ಐದು ಜನ ಗೆಳೆಯರು. ಮೂವರು ಶಿರಸಿ ಕಡೆಯವರು, ಒಬ್ಬ ಕುಮಟಾದಲ್ಲಿ ಮಾಸ್ತರ, ಇನ್ನೊಬ್ಬ ಕಾರವಾರದಲ್ಲಿ ಕೆಲಸಕ್ಕಿದ್ದಾನೆ. ಹೈಸ್ಕೂಲಿನಿಂದ ಒಟ್ಟಿಗೆ ಗುಡ್ಡ ಸುತ್ತಿದವರು. ಯಾಣ, ಮೇದಿನಿ, ದೇವಿಮನೆ ಘಟ್ಟದ ಕಾಡು, ಮಳೆಗಾಲದ ಉಂಬಳ ಎಲ್ಲ ಅಭ್ಯಾಸ ಇದೆ. ಹಿಮವನ್ನು ಮಾತ್ರ ಯಾರೂ ಮುಟ್ಟಿ ನೋಡಿಲ್ಲ.

ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೋಗಬೇಕು ಅಂತ ಆಸೆ. ಡಿಸೆಂಬರ್ ಮೊದಲ ವಾರವೇ ಆಗಬೇಕು. ಇಬ್ಬರದು ಅಡಿಕೆ ತೋಟ. ಆಮೇಲೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಬಂದ ಅಂದರೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆ ಬಿಡುವ ಹಾಗೇ ಇಲ್ಲ. ಅಷ್ಟು ಬೇಗ ಹೋದರೆ ಹಿಮ ಇರುತ್ತದಾ? ಇದ್ದರೆ ಹೊಸಬರು ನಡೆಯಬಹುದಾ?

ಇನ್ನೊಂದು ವಿಷಯ. ನಮ್ಮ ಮಾಸ್ತರ ನಡಿಗೆಯಲ್ಲಿ ನಿಧಾನ. "ನೀವು ನಾಲ್ವರು ಹೋಗಿ ಬನ್ನಿ, ನಾನು ಬಂದರೆ ನಿಮಗೆ ಭಾರ" ಅನ್ನುತ್ತಿದ್ದಾನೆ. ಅವನನ್ನು ಬಿಟ್ಟು ಹೋಗಲು ನಮಗೆ ಮನಸ್ಸಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಘಟ್ಟದ ಗಾಳಿ, ಯಲ್ಲಾಪುರ

ಜನವರಿ ಕೊನೆಗೆ ಹೋಗಿ. ಡಿಸೆಂಬರ್ ಮೊದಲ ವಾರ ಬರೀ ಒಣ ಹುಲ್ಲು ನೋಡಿ ವಾಪಸ್ ಬರಬೇಕಾದೀತು. ಅಷ್ಟು ಖರ್ಚು ಮಾಡಿ ಹೋಗಿ ಹಿಮ ಸಿಗದಿದ್ದರೆ ಬೇಜಾರು ಅಲ್ವಾ?

ಕಾಳಿ ದಂಡೆ, ಕಾರವಾರ

ತಮ್ಮಾ, ನಾನು ಗೆಳತಿಯರ ಜೊತೆ ಡಿಸೆಂಬರ್ ಶುರುವಿನಲ್ಲೇ ಹೋಗಿ ಬಂದವಳು. ಹೋಗಬಹುದು. ಆದರೆ ಮಾಸ್ತರರನ್ನು ಕರೆದುಕೊಂಡೇ ಹೋಗಿ. ಇದನ್ನು ಮೊದಲು ಹೇಳಿಬಿಡುತ್ತೇನೆ.

ಎತ್ತರಕ್ಕೆ ಹೋದಾಗ ತೊಂದರೆಗೆ ಸಿಗುವವರು ನಿಧಾನದವರೇ ಅಂತ ಇಲ್ಲ. ಬೇಗ ಬೇಗ ಹತ್ತುವವರಿಗೇ ಜಾಸ್ತಿ ಅಪಾಯ. ಶಿಖರ ಸುಮಾರು 3,800 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲ ದಂಡೆಯಲ್ಲಿ ಸಿಗುವುದರ ಮೂರನೇ ಎರಡು ಪಾಲೂ ಇರುವುದಿಲ್ಲ. ನಮ್ಮ ಕಾರವಾರದ ಗುಡ್ಡೆಹಳ್ಳಿ ಗುಡ್ಡವನ್ನು ದಿನಾ ಹತ್ತಿ ಇಳಿದರೆ ಕಾಲು ಗಟ್ಟಿಯಾಗುತ್ತದೆ, ಉಸಿರಿಗೆ ತ್ರಾಣ ಬರುತ್ತದೆ, ಖಂಡಿತ ಮಾಡಿ. ಆದರೆ ಆ ಎತ್ತರ ದೇಹಕ್ಕೆ ಒಗ್ಗುವುದು ಅಲ್ಲಿಗೇ ಹೋಗಿ, ನಿಧಾನ ಹತ್ತಿದರೆ ಮಾತ್ರ. ಮಾಸ್ತರರು ಮುಂದೆ ನಡೆಯಲಿ, ನೀವು ನಾಲ್ವರು ಹಿಂದೆ. ನಾವು ಹಾಗೇ ಮಾಡಿದ್ದು. ನಮ್ಮಲ್ಲಿ ಎಲ್ಲರಿಗಿಂತ ನಿಧಾನದವಳೇ ಮುಂದಿದ್ದಳು, ಯಾರಿಗೂ ಏದುಸಿರು ಬರಲಿಲ್ಲ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು.

ಇನ್ನು ಹಿಮದ ವಿಷಯ. ಅಲ್ಲಿಗೆ ಚಳಿಗಾಲದ ಹಿಮ ತರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಬರುವ ಹವೆ. ಅದು ಯಾವ ವಾರ ಬರುತ್ತದೋ ಅದರ ಮೇಲೆ ಎಲ್ಲ ನಿಂತಿದೆ. ಒಂದು ವರ್ಷ ಡಿಸೆಂಬರ್ ಮೊದಲಿಗೇ ಬಿಳಿ ಹಾಸಿರುತ್ತದೆ, ಇನ್ನೊಂದು ವರ್ಷ ಮೇಲಿನ ನೆರಳಲ್ಲಿ ಮಾತ್ರ ಚೂರುಪಾರು. ಹೊರಡುವ ಮುಂಚೆ ಡೆಹ್ರಾಡೂನ್ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿ.

ಹಿಮ ತೆಳ್ಳಗಿದ್ದರೆ ಸುಲಭ ಅಂತ ಮಾತ್ರ ತಿಳಿಯಬೇಡಿ. ಜನವರಿಯಲ್ಲಿ ಹಿಮ ಗಟ್ಟಿಯಾಗಿ ಕೂತಿರುತ್ತದೆ, ಜನ ನಡೆದು ದಾರಿ ಆಗಿರುತ್ತದೆ. ಶುರುವಿನ ಹಿಮ ಹಿಟ್ಟಿನಂತೆ ಸಡಿಲ. ಕೆಳಗೆ ಕಲ್ಲೋ, ಬೇರೋ, ಎರಡು ಬಂಡೆಯ ನಡುವಿನ ಸಂದೋ ಕಾಣುವುದಿಲ್ಲ. ಕಾಲು ಸಿಕ್ಕಿಕೊಂಡರೆ ಪಾದದ ಕೀಲು ಉಳುಕುತ್ತದೆ. ಹಗಲು ಬಿಸಿಲಿಗೆ ಕರಗಿದ ನೀರು ದಾರಿಯ ಮೇಲೆ ಹರಿದು ರಾತ್ರಿ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಟಾರ್ಚ್ ಬೆಳಕಿನಲ್ಲಿ ಅದು ಬರೀ ಒದ್ದೆ ಕಲ್ಲಿನ ಹಾಗೆ ಕಾಣುತ್ತದೆ. ಶಿಖರಕ್ಕೆ ಹೊರಡುವುದು ನಸುಕಿನ ಕತ್ತಲಲ್ಲಿ, ಅದಕ್ಕೇ ಹೇಳುತ್ತಿದ್ದೇನೆ. ಶೂಗೆ ಕಟ್ಟುವ ಲೋಹದ ಮುಳ್ಳು, ಅಂದರೆ ಮೈಕ್ರೋಸ್ಪೈಕ್ಸ್ ಬೇಕೇ ಬೇಕು. "ಹಿಮ ಕಡಿಮೆ ಇದೆ, ಬೇಡ" ಅಂತ ಯಾರಾದರೂ ಹೇಳಿದರೂ ಬಿಡಬೇಡಿ. ಹತ್ತುವಾಗ ಅಷ್ಟು ಗೊತ್ತಾಗುವುದಿಲ್ಲ, ಇಳಿಯುವಾಗ ಅದೇ ಕಾಪಾಡುವುದು.

ಊರಲ್ಲೇ ಕೂತು ಐದೂ ಜನ ಒಂದು ಮಾತು ಮಾಡಿಕೊಳ್ಳಿ. ಇಷ್ಟು ಗಂಟೆಯೊಳಗೆ ಶಿಖರ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದಲೇ ವಾಪಸ್. ಗೈಡ್ ಹೇಳಿದ ಗಂಟೆಯೇ ಕಡೆ. ಮೇಲೆ ನಿಂತು ಚರ್ಚೆ ಶುರುವಾದರೆ ಮುಗಿಯುವುದಿಲ್ಲ, ಶಿಖರ ಕಣ್ಣೆದುರೇ ಕಾಣುತ್ತಿರುತ್ತದೆ. ಒಬ್ಬರಿಗೆ ಆಗದಿದ್ದರೆ ಅವರ ಜೊತೆ ಯಾರು ಇಳಿಯುತ್ತಾರೆ ಅನ್ನುವುದನ್ನೂ ಮೊದಲೇ ಹೇಳಿಕೊಳ್ಳಿ. ಆಗ ಮಾಸ್ತರರ ಮನಸ್ಸಿಗೂ ಹಗುರ.

ಅಘನಾಶಿನಿ, ಕುಮಟಾ

ಅಕ್ಕ ಹೇಳಿದ್ದು ಸರಿ. ನನ್ನದು ಔಷಧಿ ಅಂಗಡಿ, ಹಾಗಾಗಿ ಇಷ್ಟು ಸೇರಿಸುತ್ತೇನೆ. ಟ್ರೆಕ್‌ಗೆ ಹೊರಟವರು ಬಂದು ಎತ್ತರದ ಕಾಯಿಲೆಗೆ ಅಂತ ಸುಮ್ನೆ ಡಯಾಮಾಕ್ಸ್ ಮಾತ್ರೆ ಕೇಳುತ್ತಾರೆ. ಅದು ಅಸೆಟಜೋಲಮೈಡ್, ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳುವುದಲ್ಲ. ಸಲ್ಫಾ ಔಷಧಿ ಆಗದವರು ಅದನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕು.

ತಲೆನೋವು, ವಾಕರಿಕೆ, ಊಟ ಬೇಡ ಅನ್ನಿಸುವುದು ಎತ್ತರದ ಕಾಯಿಲೆಯ ಶುರು. ಹಾಗಾದರೆ ಅಲ್ಲೇ ನಿಲ್ಲಬೇಕು. ನೋವಿನ ಮಾತ್ರೆ ನುಂಗಿ ಮೇಲೆ ಹೋಗಬಾರದು. ಕೂತಲ್ಲೇ ಏದುಸಿರು ಬಂದರೆ, ನೆಟ್ಟಗೆ ನಡೆಯಲು ಆಗದೆ ತೂರಾಡಿದರೆ, ಮಾತು ತಡವರಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಕೆಳಗೆ ಇಳಿಸಿ.

ಬೆಟ್ಟದಂಚು, ಶಿರಸಿ

ಅಕ್ಕಾ, ನಿಮ್ಮ ಉತ್ತರವನ್ನು ಮಾಸ್ತರನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಜವಾಗಿ ನನ್ನನ್ನೇ ಮುಂದೆ ಬಿಡುತ್ತೀರಾ?" ಅಂತ ಕೇಳಿದ. ಬರಲು ಒಪ್ಪಿದ್ದಾನೆ. ನಮಗೆಲ್ಲ ತುಂಬಾ ಖುಷಿಯಾಗಿದೆ.

ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ, ಅಲ್ಲಿಂದ ಡೆಹ್ರಾಡೂನ್ ಅಂತ ಯೋಚನೆ. ಬಟ್ಟೆ, ಶೂ ಎಲ್ಲ ಇಲ್ಲೇ ಕೊಳ್ಳಬೇಕಾ?

ಕಾಳಿ ದಂಡೆ, ಕಾರವಾರ

ಒಳ್ಳೆಯ ಸುದ್ದಿ ತಮ್ಮಾ! ಡೆಹ್ರಾಡೂನಿನಿಂದ ನಡಿಗೆ ಶುರುವಾಗುವ ಸಾಂಕ್ರಿ ಊರಿಗೆ ಸುಮಾರು 200 ಕಿಲೋಮೀಟರ್, ಆದರೆ ಪೂರ್ತಿ ಹಗಲು ಬೇಕು, ಅಷ್ಟು ತಿರುವು. ಪುರೋಲಾ, ಮೋರಿ ಮೇಲೆ ಹೋಗುತ್ತದೆ. ಮುಂದೆ ಫೋನ್ ಸಿಗ್ನಲ್ ನಂಬಬೇಡಿ, ಮನೆಗೆ ಮೊದಲೇ ಹೇಳಿಬಿಡಿ. ಅದು ಗೋವಿಂದ ವನ್ಯಜೀವಿ ಧಾಮದ ಕಾಡು, ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿನ ಊರಿನ ಗೈಡ್ ಇಟ್ಟುಕೊಳ್ಳಿ.

ಜಾಕೆಟ್, ಸ್ಪೈಕ್ಸ್, ಹಿಮ ಒಳಗೆ ಹೋಗದಂತೆ ಕಾಲಿಗೆ ಕಟ್ಟುವ ಗೇಟರ್ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಶೂ ಮಾತ್ರ ಸ್ವಂತದ್ದು ಇರಲಿ, ಈಗಲೇ ಕೊಂಡು ತೋಟದಲ್ಲಿ, ಗುಡ್ಡದಲ್ಲಿ ಹಾಕಿಕೊಂಡು ಓಡಾಡಿ. ಹತ್ತಿ ಬನಿಯನ್ ಬೇಡ, ಬೆವರಿಗೆ ಒದ್ದೆಯಾದರೆ ಮೈಮೇಲೆ ಒಣಗುವುದೇ ಇಲ್ಲ, ಮೈ ಕೊರೆಯುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ಕಣ್ಣು ಸುಡುತ್ತದೆ. ನೀರಿನ ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಿಟ್ಟರೆ ಮುಚ್ಚಳದ ಕಡೆ ಕುಡಿಯಲು ನೀರು ಉಳಿಯುತ್ತದೆ.

ಟಿಕೆಟ್ ಮಾತ್ರ ಈ ವಾರವೇ ಮಾಡಿಸಿ.