ನಿಂತಿರುವ ಪ್ರಾಣಿಯನ್ನು ‘ಕೂತಿದೆ’ ಅನ್ನಬಹುದಾ?

ಗೆಳೆಯರೆ,

ಓಡಾಡಿಕೊಂಡು ಆಡುವ ಒಂದು ಮೊಬೈಲ್ ಆಟಕ್ಕೆ ಕನ್ನಡದ ಸೂಚನೆಗಳನ್ನು ಬರೆಯುತ್ತಿದ್ದೇನೆ. ಜಿಪಿಎಸ್ ನೋಡಿಕೊಂಡು ಒಂದು ಜಾಗಕ್ಕೆ ಹೋಗಬೇಕು. ಅಲ್ಲಿ ಕ್ಯಾಮೆರಾ ತೆರೆದರೆ ಪುಟ್ಟ ಪ್ರಾಣಿಯೊಂದು ಎದುರಿನ ನೆಲದ ಮೇಲೇ ನಿಂತಂತೆ ಕಾಣುತ್ತದೆ. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್ ಅನ್ನುತ್ತಾರೆ. ಕನ್ನಡದಲ್ಲಿ ‘ವರ್ಧಿತ ವಾಸ್ತವ’ ಅಂತ ಬರೆಯುವುದನ್ನು ನೋಡಿದ್ದೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆಡುವವರಿಗೆ ಆ ಹೆಸರು ಅಷ್ಟಾಗಿ ಬೇಕಾಗುವುದೂ ಇಲ್ಲ. ಅವರಿಗೆ ಬೇಕಾದದ್ದು ಕ್ರಿಯಾಪದಗಳು. ನಾನು ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಇಂಗ್ಲಿಷಿನಲ್ಲಿ ‘ಪ್ಲೇಸ್’, ‘ಆಂಕರ್’ ಅಂತ ಎರಡು ಮಾತುಗಳಿವೆ. ಆಡುವವರು ಪರದೆ ಮುಟ್ಟಿ ಪ್ರಾಣಿಯನ್ನು ಒಂದು ಕಡೆ ಬಿಡುವುದು ಪ್ಲೇಸ್. ಫೋನ್ ಆ ಜಾಗವನ್ನೂ ದಿಕ್ಕನ್ನೂ ನೆನಪಿಟ್ಟುಕೊಂಡು, ನಾವು ಸುತ್ತ ನಡೆದಾಡಿದರೂ ಪ್ರಾಣಿ ಕದಲದಂತೆ ನೋಡಿಕೊಳ್ಳುವುದು ಆಂಕರ್. ಈ ಎರಡನೆಯದೇ ಎಆರ್‌ನ ಜೀವ. 2016ರಲ್ಲಿ ಇಂಥದೇ ಓಡಾಡಿಕೊಂಡು ಆಡುವ ಪೋಕೆಮಾನ್ ಗೋ ಆಟ ಬಂದಾಗ ಪ್ರಾಣಿ ಕ್ಯಾಮೆರಾ ಚಿತ್ರದ ಮೇಲೆ ಸುಮ್ನೆ ತೇಲುತ್ತಿತ್ತು. ನಾವು ನಾಲ್ಕು ಹೆಜ್ಜೆ ಮುಂದೆ ಹೋದರೂ ಅದು ಹತ್ತಿರ ಆಗುತ್ತಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ, ಎಆರ್ ಆ್ಯಪ್ ಮಾಡಲು ಆಪಲ್ ಕೊಡುವ ಎಆರ್‌ಕಿಟ್ ಎಂಬ ತಂತ್ರಾಂಶ ಬಳಸಿ, ಐಫೋನ್‌ಗಳಲ್ಲಿ ಅದು ಒಂದೇ ಕಡೆ ನಿಲ್ಲುವಂತೆ ಮಾಡಿದರು. ಆಮೇಲೆ ಅದರ ಬಳಿಗೆ ನಡೆದು ಹೋಗಬಹುದಾಯಿತು. ಮೆಲ್ಲಗೆ ಹೋಗದಿದ್ದರೆ ಬೆದರಿ ಓಡಿಯೂ ಬಿಡುತ್ತಿತ್ತು.

ಪ್ಲೇಸ್‌ಗೆ ‘ಇಡಿ’ ಸಾಕು. ಆಂಕರ್‌ಗೆ ಏನು? ‘ಲಂಗರು’ ನನಗೆ ಒಪ್ಪಿಗೆಯಾಗಲಿಲ್ಲ. ಲಂಗರು ಹಾಕಿದ ಹಡಗೂ ನೀರಿನ ಮೇಲೆ ಓಲಾಡುತ್ತದೆ. ನಮಗೆ ಬೇಕಾದದ್ದೇ ಓಲಾಡದಿರುವುದು. ‘ನೆಡು’ ಚೆನ್ನಾಗಿದೆ, ಆದರೆ ಗಿಡವಾಗಲಿ ಕಂಬವಾಗಲಿ ನೆಟ್ಟರೆ ಒಂದಿಷ್ಟು ನೆಲದೊಳಗೆ ಹೋಗಬೇಕು. ಮೇಜಿನ ಮೇಲೆ, ಗೋಡೆಯ ಮೇಲೆ ನೆಡುವುದು ಹೇಗೆ? ‘ಊರು’ ನನಗೆ ತುಂಬ ಇಷ್ಟದ ಪದ. ಕಾಲೂರು, ಬೇರೂರು, ತಳವೂರು, ಎಷ್ಟು ಗಟ್ಟಿಯಾಗಿವೆ ನೋಡಿ. ಆದರೆ ಪರದೆಯಲ್ಲಿ ಒತ್ತುವ ಗುಂಡಿಯ ಮೇಲೆ ಒಂಟಿಯಾಗಿ ‘ಊರಿ’ ಅಂತ ಬರೆದರೆ ಯಾರಿಗೂ ತಿಳಿಯುವುದಿಲ್ಲ.

ಕೊನೆಗೆ ಮನಸ್ಸು ಹೋದದ್ದು ‘ಕೂರಿಸು’ ಕಡೆಗೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಚೌಕಟ್ಟಿಗೆ ಬಾಗಿಲು ಕೂರಿಸುತ್ತೇವೆ. ‘ಸರಿಯಾಗಿ ಕೂತಿಲ್ಲ, ಅಲ್ಲಾಡ್ತಿದೆ’ ಅನ್ನುತ್ತೇವೆ. ಆ ಒಂದು ಮಾತಿನಲ್ಲಿ ಜಾಗವೂ ಇದೆ, ದಿಕ್ಕೂ ಇದೆ, ಬಿಗಿಯೂ ಇದೆ. ಎಆರ್ ಸಂಶೋಧಕ ರೊನಾಲ್ಡ್ ಅಜುಮಾ 1997ರಲ್ಲಿ ಎಆರ್‌ಗೆ ಮೂರು ಲಕ್ಷಣ ಹೇಳಿದ್ದರು: ನಿಜದ ಜೊತೆ ಕಲ್ಪಿತವನ್ನು ಬೆರೆಸಬೇಕು, ಆ ಕ್ಷಣದಲ್ಲೇ ನಮಗೆ ಸ್ಪಂದಿಸಬೇಕು, ಮೂರು ಆಯಾಮಗಳಲ್ಲೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಆ ಮೂರನೆಯದು ನಮ್ಮ ‘ಕೂರು’ ಅಲ್ವಾ?

ತೊಡಕು ಇರುವುದು ಇಲ್ಲಿ. ಆಟದಲ್ಲಿರುವುದು ಹರಳಲ್ಲ, ಪ್ರಾಣಿ. ಅದು ನಾಲ್ಕು ಕಾಲ ಮೇಲೆ ನಿಂತಿರುವಾಗ ಪರದೆಯಲ್ಲಿ ‘ಸರಿಯಾಗಿ ಕೂತಿದೆ’ ಅಂತ ಬಂದರೆ ಮಕ್ಕಳು ಗೊಂದಲ ಪಡುತ್ತಾರೆ. ಆಗ ‘ನೆಲೆಯೂರಿತು’ ಅನ್ನೋಣ ಅನಿಸುತ್ತದೆ. ಅದು ಹಳೆಯ, ಒಳ್ಳೆಯ ಪದ. ಆದರೆ ಅದರಲ್ಲಿ ವರ್ಷಗಟ್ಟಲೆ ಅಲ್ಲೇ ಬದುಕುವ ಅರ್ಥ ಇದೆ. ಎರಡು ನಿಮಿಷ ನಿಲ್ಲುವ ಪ್ರಾಣಿಗೆ ಅದು ಜಾಸ್ತಿ ಭಾರವೇನೋ.

ಇನ್ನೊಂದು ಕಡೆ ಕನ್ನಡ ತಾನಾಗಿಯೇ ದಾರಿ ತೋರಿಸಿತು, ಹೇಳದೇ ಇರಲಾರೆ. ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಕ್ಯಾಮೆರಾ ನೆಲವನ್ನು ಗುರುತಿಸಿದ ಮೇಲಷ್ಟೇ ಖಚಿತವಾದ ಜಾಗ ಸಿಗುತ್ತದೆ. ಹಾಗಾಗಿ ನಕ್ಷೆಯ ಹಂತದಲ್ಲಿ ‘ಇಲ್ಲೆಲ್ಲೋ ಇದೆ’ ಅಂತ ಬರೆದೆ, ಕ್ಯಾಮೆರಾ ಹಂತದಲ್ಲಿ ‘ಇಲ್ಲೇ ಇದೆ’ ಅಂತ ಬರೆದೆ. ಬೇರೆ ವಿವರಣೆ ಬೇಕಾಗಲೇ ಇಲ್ಲ.

ಅಕ್ಲೂಷನ್‌ಗೆ, ಅಂದರೆ ಎದುರಿನ ವಸ್ತು ಹಿಂದಿನದನ್ನು ಮುಚ್ಚುವುದಕ್ಕೆ, ‘ಮರೆ’ ಇಟ್ಟುಕೊಂಡಿದ್ದೇನೆ. ಪ್ರಾಣಿ ಮರದ ಹಿಂದೆ ಹೋದಾಗ ಕಾಣಬಾರದು, ‘ಮರದ ಮರೆಗೆ ಹೋಯಿತು’. ಇದರಲ್ಲಿ ನನಗೆ ಅನುಮಾನವಿಲ್ಲ. ಇಂಟರಾಕ್ಷನ್‌ಗೆ, ಅಂದರೆ ಆಡುವವರು ಪ್ರಾಣಿಯ ಜೊತೆ ಒಡನಾಡುವುದಕ್ಕೆ, ಒಂದೇ ನಾಮಪದ ಹುಡುಕುವುದನ್ನೂ ಬಿಟ್ಟೆ. ಮುಟ್ಟಿ, ಸವರಿ, ತಿನ್ನಿಸಿ, ಕರೆಯಿರಿ ಅಂತ ಆಯಾ ಕೆಲಸವನ್ನೇ ಹೇಳಿದರೆ ಮುಗಿಯಿತು.

ಉಳಿದಿರುವುದು ಆ ಒಂದು ಪದ. ನಿಂತಿರುವ ಪ್ರಾಣಿಗೆ ‘ಕೂತಿದೆ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಬಡಗಿ ಕೆಲಸ, ಕಲ್ಲಿನ ಕೆಲಸ, ಯಂತ್ರ ಜೋಡಿಸುವ ಕೆಲಸ ಬಲ್ಲವರು ಇದ್ದರೆ ದಯವಿಟ್ಟು ಹೇಳಿ: ಒಂದು ವಸ್ತು ತನ್ನ ಜಾಗದಲ್ಲಿ ಅಲ್ಲಾಡದೆ ನಿಂತಿತು ಅನ್ನುವುದಕ್ಕೆ ನೀವು ಬಾಯಲ್ಲಿ ಆಡುವ ಮಾತು ಯಾವುದು?