ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕಿಡ್ನಿ: 24 ತಾಸು ಇದ್ದರೂ ಅವಸರ ಯಾಕ?

ಧಾರವಾಡ_ನರ್ಸಿಂಗ್

ಎಲ್ಲಾರಿಗೂ ನಮಸ್ಕಾರ. ಐಸಿಯು ನರ್ಸಿಂಗ್ ವಿದ್ಯಾರ್ಥಿಗಳಿಗೆ ಅಂಗಾಂಗ ದಾನದ ಪಾಠ ಮಾಡೋದದ. ಮಿದುಳು ನಿಷ್ಕ್ರಿಯ ಅಂತ ಘೋಷಿಸೋ ಭಾಗ (ನಾಲ್ಕು ವೈದ್ಯರ ಮಂಡಳಿ, 6 ತಾಸಿನ ಅಂತರದಾಗ ಎರಡು ಸಲ ಪರೀಕ್ಷೆ) ಸ್ಪಷ್ಟ ಅದ. ತೊಡಕು ಅದರ ಮುಂದಿಂದು. ಕಿಡ್ನಿ 24 ತಾಸು, ಕೆಲವೊಮ್ಮೆ 36 ತಾಸು ತಡೀತದ ಅಂತ ಪುಸ್ತಕದಾಗ ಇರ್ತದ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿ.ಮೀ., ರಸ್ತೆ ಮ್ಯಾಲೆ 6-7 ತಾಸು. ಹಂಗಿದ್ರ ಕಿಡ್ನಿಗೆ ಝೀರೋ ಟ್ರಾಫಿಕ್ ಯಾಕ ಬೇಕು? ಎರಡನೇದು, ಐಸ್ ಬದಲಿ ಮಷಿನ್‌ನಾಗ (ಕಿಡ್ನಿಯೊಳಗ ತಣ್ಣನ ದ್ರಾವಣ ಹರಿಸೋ ಯಂತ್ರ) ಇಡೋದರಿಂದ ಸಂಶೋಧನೆಯೊಳಗ ಖರೇನ ಎಷ್ಟು ಫರಕ್ ಕಂಡದ?

ಕಸಿ_ವಿಭಾಗ_ಹುಬ್ಬಳ್ಳಿ

ಮೇಡಂ, ಗಡಿಯಾರ ಶುರುವಾಗುವುದು ಆಂಬುಲೆನ್ಸ್ ಹೊರಟಾಗ ಅಲ್ಲ. ದಾನಿಯ ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ ತಣ್ಣನೆಯ ದ್ರಾವಣ ಹರಿಸಿದ ಕ್ಷಣದಿಂದ. ಅಲ್ಲಿಂದ ಅಂಗಗಳನ್ನು ಬಿಡಿಸಿ ತೆಗೆದು, ಮೇಜಿನ ಮೇಲೆ ಪರೀಕ್ಷಿಸಿ, ಪ್ಯಾಕ್ ಮಾಡುವಷ್ಟರಲ್ಲಿ ಒಂದೆರಡು ಗಂಟೆ ಹೋಗಿರುತ್ತದೆ. ಪ್ರಯಾಣಕ್ಕೆ 7. ಅಲ್ಲಿ ಕ್ರಾಸ್‌ಮ್ಯಾಚ್ (ದಾನಿಯ ಕೋಶಗಳಿಗೆ ರೋಗಿಯ ರಕ್ತದಲ್ಲಿ ವಿರೋಧ ಇದೆಯೇ ಎಂದು ನೋಡುವ ಪರೀಕ್ಷೆ) ಆಗಿರದಿದ್ದರೆ ಇನ್ನೂ 4-6. ಕಸಿಗೆ ಕರೆದ ರೋಗಿ ಹಾಸನದ ಕಡೆಯ ಹಳ್ಳಿಯಲ್ಲಿದ್ದು, ಪೊಟ್ಯಾಸಿಯಂ ಹೆಚ್ಚಿದ್ದು, ಆಪರೇಷನ್‌ಗೆ ಮೊದಲು ಡಯಾಲಿಸಿಸ್ ಬೇಕಾದರೆ ಮತ್ತೆ 3-4. ಲೆಕ್ಕ ಹಾಕಿ ನೋಡಿ, 7 ಗಂಟೆಯ ದಾರಿ ಹೇಗೆ 18 ಗಂಟೆಯಾಗುತ್ತದೆ ಅಂತ.

ಜೊತೆಗೆ 24 ಎನ್ನುವುದು ಸುರಕ್ಷತೆಯ ಗೆರೆಯೂ ಅಲ್ಲ. 4 ಡಿಗ್ರಿಯಲ್ಲಿ ಜೀವಕೋಶದ ಚಟುವಟಿಕೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ನಿಲ್ಲುವುದಿಲ್ಲ. ಸೋಡಿಯಂ ಪಂಪ್ ಕೆಲಸ ಬಿಟ್ಟು ಕೋಶ ನೀರು ಹೀರಿ ಊದಿಕೊಳ್ಳುತ್ತದೆ. ಇದನ್ನು ತಡೆಯಲೆಂದೇ ಅಂಗ ಕಾಪಿಡುವ ಯುಡಬ್ಲ್ಯೂ ಎಂಬ ದ್ರಾವಣದಲ್ಲಿ ಲ್ಯಾಕ್ಟೋಬಯೋನೇಟ್, ರ‍್ಯಾಫಿನೋಸ್‌ನಂಥ ದೊಡ್ಡ ಅಣುಗಳಿವೆ. ಅವು ಕೋಶದೊಳಗೆ ನುಗ್ಗಲಾರವು, ನೀರನ್ನು ಹೊರಗೇ ಹಿಡಿದಿಡುತ್ತವೆ. ಆದರೂ ಹಾನಿ ಗಂಟೆಗಂಟೆಗೆ ಕೂಡುತ್ತಲೇ ಹೋಗುತ್ತದೆ. ಫ್ರಾನ್ಸಿನ ಕಸಿ ದಾಖಲೆಗಳ ಮೇಲೆ 2015ರಲ್ಲಿ ಬಂದ ಅಧ್ಯಯನ ಹೇಳಿದ್ದೂ ಅದನ್ನೇ: ಪ್ರತಿ ಹೆಚ್ಚುವರಿ ಗಂಟೆಗೂ ಕಿಡ್ನಿ ವಿಫಲವಾಗುವ ಅಪಾಯ ತುಸು ತುಸು ಏರುತ್ತದೆ.

ಹೃದಯಕ್ಕಂತೂ 4 ಗಂಟೆಯ ಆಸುಪಾಸು. ಅದಕ್ಕೆ ರಸ್ತೆ ಆಗುವುದೇ ಇಲ್ಲ. ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದಲೇ ಹೋಗಬೇಕು. ದೇವನಹಳ್ಳಿಯಿಂದ ಊರೊಳಗಿನ ದಾರಿಯನ್ನೂ ಆ ನಾಲ್ಕರಲ್ಲೇ ಲೆಕ್ಕ ಹಿಡಿಯಬೇಕು.

ಗದಗ_ಓಟಿ

ಪ್ಯಾಕಿಂಗ್ ಬಗ್ಗೆ ಹುಡುಗೂರಿಗೆ ಬಿಡಿಸಿ ಹೇಳ್ರಿ, ಅಲ್ಲೇ ಹೆಚ್ಚು ತಪ್ಪು ಆಗ್ತಾವ. ಮೂರು ಚೀಲ, ಎಲ್ಲಾ ಸ್ಟೆರೈಲ್. ಮೊದಲನೇದರಾಗ ಕಿಡ್ನಿ ಪೂರ್ತಿ ಮುಳುಗುವಷ್ಟು ತಣ್ಣನ ದ್ರಾವಣ, ಗಾಳಿ ಹೊರಗ ತಗದು ಬಿಗಿಯಾಗಿ ಕಟ್ಟಬೇಕು. ಎರಡನೇದರಾಗ ತಣ್ಣನ ಸಲೈನ್. ಮೂರನೇದು ಒಣ ಚೀಲ, ಸೋರಿದ್ರ ಹಿಡಿಲಿಕ್ಕೆ. ಆಮ್ಯಾಲೆ ಐಸ್ ಬಾಕ್ಸ್, ಕರಗೋ ಐಸ್ ಸುತ್ತಲೂ ಇರಬೇಕು.

ಐಸ್ ತುಂಡು ನೇರವಾಗಿ ಕಿಡ್ನಿಗೆ ತಾಗಬಾರದು. ತಾಗಿದ ಜಾಗ ಹೆಪ್ಪುಗಟ್ಟಿ, ರಕ್ತ ಹರಿಸಿದ ಮ್ಯಾಲೆ ಅಲ್ಲಿ ಅಂಗಾಂಶ ಸತ್ತಿರ್ತದ. "ಇನ್ನೂ ಛಲೋ ತಣ್ಣಗಿರ್ಲಿ" ಅಂತ ಡ್ರೈ ಐಸ್ ಹಾಕೋದು ಭಾಳ ಕೆಟ್ಟದ್ದು, ಅದು ಸೊನ್ನೆಗಿಂತ 78 ಡಿಗ್ರಿ ಕೆಳಗ. ಫ್ರೀಜರ್‌ನಾಗಿಂದ ಆಗ ತಗದ ಗಟ್ಟಿ ಸಲೈನ್ ಬಾಟ್ಲಿಯನ್ನೂ ಚೀಲಕ್ಕ ಒತ್ತಿ ಇಡಬ್ಯಾಡ್ರಿ. ಎಡ, ಬಲ ಎರಡೂ ಕಿಡ್ನಿಗೆ ಬ್ಯಾರೆ ಬ್ಯಾರೆ ಬಾಕ್ಸ್. ದಾನಿಯ ಐಡಿ, ರಕ್ತದ ಗುಂಪು, ಕ್ಲ್ಯಾಂಪ್ ಹಾಕಿದ ವ್ಯಾಳ್ಯಾ ಮೂರೂ ಚೀಟಿ ಮ್ಯಾಲೆ ಇರ್ಬೇಕು. ಒಂದಕ್ಕಿಂತ ಹೆಚ್ಚು ಅಪಧಮನಿ ಇದ್ರ ಅದನ್ನೂ ಬರೀರಿ, ಅಲ್ಲಿ ಹೊಲಿಯೋರಿಗೆ ಬೇಕಾಗ್ತದ.

ಕಸಿ_ವಿಭಾಗ_ಹುಬ್ಬಳ್ಳಿ

ಎರಡನೇ ಪ್ರಶ್ನೆಗೆ ಬರುತ್ತೇನೆ. ಯಂತ್ರದ ಬಗ್ಗೆ ಎಲ್ಲರೂ ಉಲ್ಲೇಖಿಸುವ ಅಧ್ಯಯನ 2009ರದ್ದು. ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಯಲ್ಲಿ 336 ದಾನಿಗಳ ಮೇಲೆ ನಡೆದದ್ದು. ಅದರ ವಿನ್ಯಾಸವನ್ನು ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ: ಒಬ್ಬನೇ ದಾನಿಯ ಒಂದು ಕಿಡ್ನಿ ಯಂತ್ರಕ್ಕೆ, ಇನ್ನೊಂದು ಐಸ್ ಬಾಕ್ಸ್‌ಗೆ. ದಾನಿಯ ವಯಸ್ಸು, ಬಿಪಿ, ಸಾವಿನ ಕಾರಣ ಎರಡಕ್ಕೂ ಒಂದೇ ಆದ್ದರಿಂದ ಹೋಲಿಕೆ ಬಹಳ ಸ್ವಚ್ಛ. ಕಸಿಯಾದ ಮೊದಲ ವಾರದಲ್ಲೇ ಡಯಾಲಿಸಿಸ್ ಬೇಕಾಗಿದ್ದು ಐಸ್‌ನಲ್ಲಿ 26.5%, ಯಂತ್ರದಲ್ಲಿ 20.8%. ವರ್ಷದ ಕೊನೆಗೆ ಕೆಲಸ ಮಾಡುತ್ತಿದ್ದ ಕಿಡ್ನಿಗಳು 90% ಮತ್ತು 94%.

ಐಸಿಯು ನರ್ಸ್‌ಗಳಿಗೆ ಇನ್ನೂ ಹತ್ತಿರದ್ದು ಅಮೆರಿಕದ 2015ರ ಪ್ರಯೋಗ. ದಾನಿಯ ಮೈ ಕಾವನ್ನು 34-35 ಡಿಗ್ರಿಗೆ ಇಳಿಸಿದಾಗ ಅದೇ ತೊಂದರೆ 39%ರಿಂದ 28%ಕ್ಕೆ ಇಳಿಯಿತು. 2023ರಲ್ಲಿ ಎರಡನ್ನೂ ಎದುರಾಬದುರು ಇಟ್ಟು ನೋಡಿದರು: ಕಾವು ಇಳಿಸಿದ್ದಕ್ಕೆ 30%, ಯಂತ್ರಕ್ಕೆ 19%, ಎರಡೂ ಕೂಡಿಸಿದರೆ 22%. ಅಂದರೆ ಯಂತ್ರವೇ ಮೇಲು, ಜೋಡಿಸಿದರೆ ಹೆಚ್ಚಿನ ಲಾಭವಿಲ್ಲ.

ಒಂದು ಎಚ್ಚರಿಕೆ. ಕಾವು ಇಳಿಸಿದ್ದು ಮಿದುಳು ನಿಷ್ಕ್ರಿಯ ಎಂದು ಘೋಷಿಸಿದ ನಂತರ ಮಾತ್ರ. ಅದಕ್ಕೆ ಮೊದಲು ಮೈ ತಣ್ಣಗಿದ್ದರೆ ಪರೀಕ್ಷೆಯನ್ನೇ ನಂಬುವಂತಿಲ್ಲ, ಉಸಿರಾಟ ನಿಲ್ಲಿಸಿ ನೋಡುವ ಪರೀಕ್ಷೆಗೆ ರೋಗಿ ಬೆಚ್ಚಗಿರಲೇಬೇಕು. ಈ ಕ್ರಮ ಹುಡುಗರ ತಲೆಯಲ್ಲಿ ಗಟ್ಟಿಯಾಗಿ ಕೂರಲಿ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಭಾಗದಲ್ಲಿ ಯಂತ್ರಕ್ಕಿಂತ ಮೊದಲು ಸರಿಹೋಗಬೇಕಾದದ್ದು ಕ್ರಾಸ್‌ಮ್ಯಾಚ್‌ನ ಹೊತ್ತು. ಮನೆಯವರ ಒಪ್ಪಿಗೆ, ಕಾನೂನಿನ ಕಾಗದಪತ್ರ ಮುಗಿದು ಜೀವಸಾರ್ಥಕತೆಯಿಂದ (ರಾಜ್ಯದಲ್ಲಿ ಅಂಗಾಂಗ ಹಂಚುವ ಸಂಸ್ಥೆ) ಹಂಚಿಕೆ ತಿಳಿದ ತಕ್ಷಣ ದಾನಿಯ ರಕ್ತ ಮುಂದೆ ಹೋಗಲಿ. ಕಿಡ್ನಿ ತುಮಕೂರು ದಾಟುವ ಹೊತ್ತಿಗೆ ಫಲಿತಾಂಶ ಕೈಯಲ್ಲಿರುತ್ತದೆ.

ಧಾರವಾಡ_ನರ್ಸಿಂಗ್

ಭಾಳ ಉಪಕಾರ ಆತ್ರಿ ಸರ್. ರಕ್ತ ಮೊದಲ ಕಳಸೋದಂದ್ರ ಯಾವ ಟ್ಯೂಬ್‌ನಾಗ? ಅದನ್ನೂ ಐಸ್‌ನಾಗ ಇಡಬೇಕಾ?

ಹಾವೇರಿ_ಲ್ಯಾಬ್

ಬೇಡ. ಇಲ್ಲೇ ಎಡವಟ್ಟಾಗುವುದು. ಕ್ರಾಸ್‌ಮ್ಯಾಚ್‌ಗೆ ಜೀವಂತ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಬೇಕು, ಹಾಗಾಗಿ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಅಥವಾ ಹಳದಿ ಮುಚ್ಚಳದ ಎಸಿಡಿ ಟ್ಯೂಬ್, ಕೋಣೆಯ ಉಷ್ಣತೆಯಲ್ಲೇ ಕಳಿಸಬೇಕು. ಐಸ್ ಬಾಕ್ಸ್ ಹೇಗೂ ಇದೆಯಲ್ಲ ಅಂತ ಅದರೊಳಗೆ ತುರುಕಿದರೆ ಕೋಶಗಳು ಸಾಯುತ್ತವೆ. ಪರೀಕ್ಷೆಯಲ್ಲಿ ಹಾಕುವ ಬಣ್ಣವನ್ನು ಸತ್ತ ಕೋಶ ಹೀರುತ್ತದೆ, ಪ್ರತಿಕಾಯ ಕೊಂದ ಕೋಶವೂ ಹಾಗೇ ಕಾಣುತ್ತದೆ. ಇಲ್ಲದ ವಿರೋಧ ಇದೆಯೆಂದು ತೋರಿ, ಹೊಂದುವ ಕಿಡ್ನಿ ಆ ರೋಗಿಯ ಕೈತಪ್ಪಬಹುದು. ಎಚ್‌ಎಲ್‌ಎ ಟೈಪಿಂಗ್‌ಗೆ (ಅಂಗಾಂಶದ ಗುಂಪು ನೋಡುವ ಪರೀಕ್ಷೆ) ನೇರಳೆ ಮುಚ್ಚಳದ ಇಡಿಟಿಎ ಬೇರೆ ಕೊಡಿ, ಅದಕ್ಕೆ ಡಿಎನ್‌ಎ ಸಾಕು.

ಅಪಘಾತದ ದಾನಿಗೆ ಬಾಟಲಿಗಟ್ಟಲೆ ರಕ್ತ ಕೊಟ್ಟಿರುತ್ತಾರೆ. ಸಾಧ್ಯವಾದರೆ ಅದಕ್ಕೆ ಮೊದಲು ತೆಗೆದ ಮಾದರಿಯನ್ನೇ ಹುಡುಕಿ. ಇಲ್ಲದಿದ್ದರೆ ಎಷ್ಟು ಯೂನಿಟ್ ಕೊಟ್ಟಿದ್ದಾರೆ ಎಂದು ಫಾರಂನಲ್ಲಿ ಬರೆಯಿರಿ. ಗುಲ್ಮದ (ಸ್ಪ್ಲೀನ್) ತುಂಡು, ದುಗ್ಧಗ್ರಂಥಿಗಳು ಮಾತ್ರ ತಣ್ಣನೆಯ ಸಲೈನ್‌ನಲ್ಲಿ ಕಿಡ್ನಿಯ ಬಾಕ್ಸ್ ಜೊತೆಗೇ ಹೋಗುತ್ತವೆ. ರಕ್ತದಿಂದ ಬಂದ ಕೋಶ ಸಾಲದಿದ್ದರೆ ಲ್ಯಾಬ್‌ನವರು ಅದರಿಂದ ತೆಗೆಯುತ್ತಾರೆ.