ಬ್ಯಾಡಗಿ ಮೆಣಸಿನಕಾಯಿ ರಫ್ತು: ಐಇಸಿ (ಆಮದು-ರಫ್ತು ಕೋಡ್) ಆದಮ್ಯಾಲೆ ಏನು?

ಪ್ರಶ್ನೆ: ಹಾವೇರಿಯಿಂದ ಜರ್ಮನಿಗೆ ಒಣ ಬ್ಯಾಡಗಿ ಮೆಣಸಿನಕಾಯಿ ಕಳಿಸೋದೈತ್ರಿ. ಐಇಸಿ ಕೈಗೆ ಬಂದೈತಿ. ಇನ್ನೇನು ಬೇಕ್ರಿ?

ಉತ್ತರ 1: ಮಸಾಲೆ ಮಂಡಳಿಯೊಳಗ ರಫ್ತುದಾರ ಅಂತ ನೋಂದಣಿ ಮಾಡಸ್ರಿ. ಬ್ಯಾಂಕಿನ ಎಡಿ ಕೋಡ್ (ವಿದೇಶಿ ಹಣದ ವ್ಯವಹಾರಕ್ಕ ಬ್ಯಾಂಕಿಗಿರೋ ಗುರುತಿನ ಸಂಖ್ಯೆ) ಐಸ್‌ಗೇಟ್ ಅನ್ನೋ ಕಸ್ಟಮ್ಸ್ ಜಾಲತಾಣದಾಗ ಸೇರಸ್ರಿ. ಅದಿಲ್ಲದ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡೋ ರಫ್ತು ಪತ್ರ) ಆಗೂದಿಲ್ಲ. ಐಜಿಎಸ್‌ಟಿ (ರಫ್ತಿಗೆ ಬೀಳೋ ಜಿಎಸ್‌ಟಿ) ಕಟ್ಟದ ಕಳಿಸಾಕ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಬೇಕು, ಪ್ರತಿ ಹಣಕಾಸು ವರ್ಷ ಹೊಸದು. ಐಇಸಿನೂ ವರ್ಷಾ ಏಪ್ರಿಲ್–ಜೂನ್ ಒಳಗ ಅಪ್‌ಡೇಟ್ ಮಾಡ್ರಿ, ಮರೆತರ ನಿಷ್ಕ್ರಿಯ ಆಗ್ತೈತಿ.

ಉತ್ತರ 2: ಕಾಗದಕ್ಕಿಂತ ಅಫ್ಲಾಟಾಕ್ಸಿನ್ (ಬೂಸಿನಿಂದ ಆಗೋ ವಿಷ) ದೊಡ್ಡ ತೊಡಕ್ರಿ. ಯುರೋಪಿನ ಮಿತಿ ಕಿಲೋಕ್ಕ ಬಿ1 ಅನ್ನೋ ಬಗೆಯ ಅಫ್ಲಾಟಾಕ್ಸಿನ್ 5 ಮೈಕ್ರೋಗ್ರಾಂ, ಎಲ್ಲಾ ಬಗೆ ಸೇರಿ ಒಟ್ಟು 10. ತೂಕಕ್ಕಂತ ನೀರು ಹೊಡದ ಕಾಯಿ ಚೀಲದಾಗ ಬೂಸು ಹಿಡೀತೈತಿ. ಅಂಥಾ ಮಾಲು ಕೊಳ್ಳಲೇಬ್ಯಾಡ್ರಿ. ಕಂಟೇನರ್ ತುಂಬೂದಕ್ಕ ಮೊದಲ ಸ್ಯಾಂಪಲ್ ಪರೀಕ್ಷೆ ಮಾಡಸ್ರಿ.

ಉತ್ತರ 3: ಇಡೀ ಕಾಯಿಗೆ ಎಚ್‌ಎಸ್ ಕೋಡ್ (ಸರಕಿನ ಬಗೆ ಗುರುತಿಸೋ ಅಂತರರಾಷ್ಟ್ರೀಯ ಸಂಖ್ಯೆ) 090421, ಪುಡಿಗೆ 090422. ಇನ್‌ವಾಯ್ಸ್‌ನಾಗ ಅದಲುಬದಲು ಮಾಡಬ್ಯಾಡ್ರಿ.